ಅನುವಿನ ಕಡೆಯ ಸಾಕ್ಷಿಯಾಗಿ ಅಮೆರಿಕಕ್ಕೆ

ಹೊರಡುವ ಮುಂಚೆ

ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡು ಬದುಕಿದವಳು ನಾನು. ವಿಮಾ ಕಚೇರಿಯ ಕ್ಲೇಮು ವಿಭಾಗಕ್ಕೆ ಸೇರಿದವಳು ಅಲ್ಲಿಂದಲೇ ನಿವೃತ್ತಳಾದೆ. ಸತ್ತವರು ನಿಜವಾಗಿ ಸತ್ತಿದ್ದಾರೋ, ಪಾಲಿಸಿ ಮಾಡಿಸುವಾಗಲೇ ಕಾಯಿಲೆ ಇತ್ತೋ ಅಂತ ಕೆದಕುವುದೇ ಕೆಲಸ. ಈಗಲೂ ಗಾಡಿಯವನು ಕೇಳದೇ ಒಂದು ಹಿಡಿ ಕೊತ್ತಂಬರಿ ಸೊಪ್ಪು ಹೆಚ್ಚಿಗೆ ಹಾಕಿದರೆ, ಮನೆಗೆ ಬಂದು ಟೊಮೇಟೊ ಒಂದೊಂದನ್ನೂ ತಿರುಗಿಸಿ ನೋಡುತ್ತೇನೆ.

ಹಾಗಾಗಿ ಅನು ಫೋನ್ ಮಾಡಿ, "ದೊಡ್ಡಮ್ಮ, ಇಲ್ಲಿಗೆ ಬಾ. ಟಿಕೆಟ್ ನಾನ್ ಕಳಿಸ್ತೀನಿ. ಸುಮ್ನೆ ನನ್ ಜೊತೆ ಒಂದಷ್ಟು ದಿನ ಇರು" ಎಂದಾಗ ನನ್ನ ಕಿವಿ ನೆಟ್ಟಗಾಯಿತು. ಆ ಹುಡುಗಿ ಯಾರನ್ನೂ ಸುಮ್ಮನೆ ಕರೆಯುವವಳಲ್ಲ.

ಅನು ನನ್ನ ತಂಗಿ ಕುಸುಮಳ ಒಬ್ಬಳೇ ಮಗಳು. ನಾವಿಬ್ಬರೂ ಹುಟ್ಟಿ ಬೆಳೆದದ್ದು ಹಲಸೂರಿನಲ್ಲಿ. ಕುಸುಮ ಕಂಟೋನ್ಮೆಂಟಿನ ಆಸ್ಪತ್ರೆಯೊಂದರಲ್ಲಿ ನರ್ಸಿಂಗ್ ಕಲಿತು ಅಮೆರಿಕಕ್ಕೆ ಹೋದಳು, ಅಲ್ಲೇ ಮದುವೆಯಾದಳು, ಗಂಡ ಬಿಟ್ಟುಹೋದ ಮೇಲೆ ಮಗಳನ್ನು ಒಬ್ಬಳೇ ಸಾಕಿದಳು. ಅವಳು ತೀರಿಕೊಂಡು ಎರಡು ವರ್ಷವಾಯಿತು. ಅನು ಅಲ್ಲಿನ ಸೈನ್ಯ ಸೇರಿ, ಲಾರಿ ರಿಪೇರಿ ಕಲಿತು, ಕೆಲವೇ ವರ್ಷಕ್ಕೆ ಬಿಟ್ಟು ಬಂದಿದ್ದಳು. ಯಾಕೆ ಬಿಟ್ಟಳು ಅಂತ ಕೇಳಿದಾಗಲೆಲ್ಲ ಕುಸುಮ "ಬೆನ್ನು ನೋವು ಕಣೇ ಅಕ್ಕ" ಅನ್ನುತ್ತಿದ್ದಳು. ಬೆನ್ನು ನೋವಿನ ಕಥೆಗಳನ್ನು ನಾನು ಕಚೇರಿಯಲ್ಲಿ ಬೇಕಾದಷ್ಟು ಕೇಳಿದ್ದೆ. ನಂಬಿರಲಿಲ್ಲ.

"ಮಗು ಪ್ರೀತಿಯಿಂದ ಕರೆದ್ರೆ ಅದ್ರಲ್ಲೂ ಹುಳ ಹುಡುಕ್ತೀಯಲ್ಲೇ" ಅಂತ ನಮ್ಮ ಯಜಮಾನರು ಬೈದರು. ಬೈಸಿಕೊಂಡೇ ಚಟ್ನಿಪುಡಿ ಕುಟ್ಟಿಸಿದೆ.

ಇಳಿದ ದಿನ

ಊರಿನ ಹೆಸರು ಬರೆಯಬೇಡ ಎಂದಿದ್ದಾಳೆ ಅನು. ಒಂದು ನದಿ, ಮುಚ್ಚಿಹೋದ ಟೈರ್ ಕಾರ್ಖಾನೆ, ತುಂಬ ಚರ್ಚುಗಳು ಇರುವ ನಡುಗಾತ್ರದ ಊರು ಅಂತ ಇಟ್ಟುಕೊಳ್ಳಿ.

ವಿಮಾನ ನಿಲ್ದಾಣದಲ್ಲಿ ಅಧಿಕಾರಿಯೊಬ್ಬ ನನ್ನ ಡಬ್ಬಿ ತೋರಿಸಿ ಇದೇನು ಅಂದ. "ಪೌಡರ್" ಅಂದೆ. ಆ ಮಾತಿಗೆ ಇನ್ನೊಬ್ಬಳು ಕೈಗವಸು ಹಾಕಿಕೊಂಡು ಬಂದಳು. ನಮ್ಮ ಚಟ್ನಿಪುಡಿಯನ್ನು ಅವರಿಬ್ಬರೂ ಬಾಂಬಿನಂತೆ ಮೂಸಿ ನೋಡಿದರು. ಪಕ್ಕದಲ್ಲಿದ್ದ ಗುಜರಾತಿ ಹೆಂಗಸು ನನ್ನ ಪರವಾಗಿ ಸಿಟ್ಟಾದಳು. ನನಗೆ ಸಿಟ್ಟೇ ಬರಲಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಚಮಚ ಹಾಕಿ ತಳದವರೆಗೂ ಕಲಕಿಸುತ್ತಿದ್ದೆ.

ಅಲ್ಲಿನವರ ಕೆಲವು ರೂಢಿಗಳು ನನಗೆ ಕೊನೆಯವರೆಗೂ ಅರ್ಥವಾಗಲಿಲ್ಲ. ಪಾರ್ಸೆಲ್‌ಗಳನ್ನು ಬಾಗಿಲ ಮುಂದೆ ಇಟ್ಟುಹೋಗುತ್ತಾರೆ. ಸಂಜೆಯವರೆಗೂ ಅವು ಅಲ್ಲೇ ಇರುತ್ತವೆ. ನಮ್ಮ ಕಾಲೊನಿಯಲ್ಲಿ ಹಾಲಿನ ಪ್ಯಾಕೆಟ್ ಆರೂವರೆ ತನಕ ಉಳಿದರೆ ಪುಣ್ಯ. ಪಕ್ಕದ ಮನೆಯ ಮುದುಕ ಗ್ಯಾರೇಜಿನ ಬಾಗಿಲು ತೆರೆದಿಟ್ಟೇ ಪೇಟೆಗೆ ಹೋಗುತ್ತಿದ್ದ. ಅಂಥ ಬೀದಿಯಲ್ಲಿ ಅನು ಮನೆಯ ಮುಂಬಾಗಿಲಿಗೆ ಮಾತ್ರ ಒಂದರ ಮೇಲೊಂದು ಬೀಗ. ಕುರ್ಚಿಗಳೆಲ್ಲ ಬಾಗಿಲಿಗೆ ಮುಖ ಮಾಡಿದ್ದವು. ಹೋಟೆಲಿಗೆ ಹೋದರೆ ಮೂಲೆಯ ಮೇಜೇ ಬೇಕು. ಅದು ಖಾಲಿಯಿಲ್ಲ ಅಂದರೆ, ಹಸಿದಿದ್ದರೂ ಎದ್ದು ಬರುತ್ತಿದ್ದಳು.

ಇವಳು ಯಾರದೋ ದುಡ್ಡು ತಿಂದಿದ್ದಾಳೆ, ಇಲ್ಲವೇ ಯಾರೋ ಇವಳ ಬೆನ್ನು ಹತ್ತಿದ್ದಾರೆ ಎಂದು ನಾನು ಲೆಕ್ಕ ಹಾಕಿದೆ. ಒಂದು ಬೆಳಿಗ್ಗೆ ಬೀನ್ಸ್ ಸೋಸುತ್ತಾ ಕೂತಿದ್ದಾಗ ಅನು ಬಂದು ಎದುರು ಕೂತಳು.

"ನಾಳೆ ನನ್ ಲಾಯರ್ ಹತ್ರ ಹೋಗ್ಬೇಕು. ನೀನೂ ಬರ್ತೀಯಾ?"

"ಲಾಯರಾ? ಏನ್ ಮಾಡ್ಕೊಂಡಿದೀಯೇ?"

"ನಾನೇನೂ ಮಾಡ್ಕೊಂಡಿಲ್ಲ." ಒಂದು ಬೀನ್ಸ್ ತೆಗೆದು ಮುರಿದಳು. "ಆರ್ಮೀಲಿ ನನ್ ಮೇಲೊಬ್ಬ ಸಾರ್ಜೆಂಟ್ ಇದ್ದ. ಅವ್ನು ಒಂದಿನ ವರ್ಕ್‌ಶಾಪಲ್ಲಿ…" ಅಲ್ಲಿಗೇ ನಿಲ್ಲಿಸಿದಳು. ಮಿಕ್ಕಿದ್ದನ್ನು ಅವಳು ಹೇಳಬೇಕಾಗಿರಲಿಲ್ಲ. ಅವಳ ಕೈ ಬೀನ್ಸನ್ನು ಚೂರುಚೂರು ಮಾಡುತ್ತಲೇ ಇತ್ತು.

ನನ್ನ ಬಾಯಿಂದ ಮೊದಲು ಬಂದ ಮಾತು, "ದೂರು ಕೊಟ್ಯಾ?"

ಅನು ನಕ್ಕಳು. ಒಳ್ಳೆಯ ನಗುವಲ್ಲ. "ಪರಿಹಾರದ ಆಫೀಸ್ನೋರೂ ಇದನ್ನೇ ಕೇಳಿದ್ದು ದೊಡ್ಡಮ್ಮ. ಯಾರಿಗ್ ಕೊಡ್ಲಿ? ದೂರು ತಗೊಳ್ಳೋನೇ ಅವ್ನು."

"ಕುಸುಮಂಗೆ ಗೊತ್ತಿತ್ತಾ?"

"ಅಮ್ಮಂಗೆ ಗೊತ್ತಿತ್ತು. ನಿಂಗೆ ಹೇಳ್ಬೇಡ ಅಂತ ನಾನೇ ಅಂದಿದ್ದೆ."

ಪ್ರತಿ ಭಾನುವಾರ ಫೋನಿನಲ್ಲಿ ಮಂಡಿನೋವಿನಿಂದ ಹಿಡಿದು ಮಾವಿನಕಾಯಿ ಉಪ್ಪಿನಕಾಯಿಯವರೆಗೂ ಹೇಳುತ್ತಿದ್ದ ತಂಗಿ, ಇದೊಂದನ್ನು ನುಂಗಿಕೊಂಡೇ ಹೋದಳು. ನಾನು ಎದ್ದು ಅನುವಿನ ತಲೆ ಮುಟ್ಟಲು ಕೈ ಚಾಚಿದೆ. ಅವಳು ಸರಕ್ಕನೆ ಹಿಂದೆ ಸರಿದಳು. ಆಮೇಲೆ ತಾನೇ ನನ್ನ ಕೈ ಹಿಡಿದುಕೊಂಡಳು.

ಬಟ್ಟೆ ಒಗೆಯುವ ಅಂಗಡಿ

ವಕೀಲೆಯ ಹೆಸರು ಮಾರ್ಗರೆಟ್. ಅವಳ ಕಚೇರಿ ಇದ್ದದ್ದು, ಕಾಸು ಹಾಕಿ ಯಂತ್ರದಲ್ಲಿ ಬಟ್ಟೆ ಒಗೆದುಕೊಳ್ಳುವ ಅಂಗಡಿಯ ಹಿಂಬದಿಗೆ. ಕಾಯುವವರಿಗೆ ಬೇರೆ ಕೋಣೆಯಿಲ್ಲ. ಆ ಅಂಗಡಿಯ ಬೆಂಚೇ ಗತಿ. ಅನು ಒಳಗೆ ಹೋದಳು. ನಾನು ಸೋಪಿನ ವಾಸನೆಯಲ್ಲಿ ಕೂತೆ.

ಗಡ್ಡದವನೊಬ್ಬ ಬಂದು, "ಸ್ವಲ್ಪ ನೋಡಿಕೊಳ್ತೀರಾ?" ಎಂದು ದೊಡ್ಡ ಚೀಲವೊಂದನ್ನು ನನ್ನ ಕಾಲ ಬಳಿ ಇಟ್ಟು ಹೊರಟೇಹೋದ. ಕೆ.ಆರ್. ಪುರಂ ಸ್ಟೇಷನ್ನಿನಲ್ಲಿ ವಾರಸುದಾರರಿಲ್ಲದ ಚೀಲ ಮುಟ್ಟಬೇಡಿ ಅಂತ ಮೈಕಿನಲ್ಲಿ ಹೇಳಿಸಿಕೊಂಡು ಬೆಳೆದ ಜನ ನಾವು. ನಾನು ಬೆಂಚಿನ ಆ ತುದಿಗೆ ಸರಿದೆ. ಸಾಲದು ಅನ್ನಿಸಿ ಎದ್ದು ಬಾಗಿಲ ಹತ್ತಿರ ನಿಂತೆ. ಅವನು ಎರಡು ಲೋಟ ಕಾಫಿ ಹಿಡಿದು ವಾಪಸು ಬಂದ. ಒಂದು ನನಗಂತೆ, ಚೀಲ ಕಾದದ್ದಕ್ಕೆ. ತೆಗೆದುಕೊಂಡೆ, ಥ್ಯಾಂಕ್ಸ್ ಅಂದೆ. ಆದರೆ ಕುಡಿಯಲಿಲ್ಲ. ಅಷ್ಟರಲ್ಲಿ ನನ್ನನ್ನೂ ಒಳಗೆ ಕರೆದರು.

ಮಾರ್ಗರೆಟ್‌ಗೆ ಐವತ್ತು ದಾಟಿರಬೇಕು. ಕ್ಯಾರೆಟ್ ತುಂಡುಗಳನ್ನು ಕಟುಕಟು ಅಗಿಯುತ್ತಲೇ ಮಾತಾಡುತ್ತಿದ್ದಳು. ಫೀಸು ತೆಗೆದುಕೊಳ್ಳುವುದಿಲ್ಲವಂತೆ. ಯಾವುದೋ ಧರ್ಮಾರ್ಥ ಸಂಸ್ಥೆ ಅವಳಿಗೆ ಸಂಬಳ ಕೊಡುತ್ತದಂತೆ. ಪುಕ್ಕಟೆ ವಕೀಲರು ಎಂದರೆ ನನಗೆ ಮೊದಲೇ ಅಷ್ಟಕ್ಕಷ್ಟೆ. ಪುಕ್ಕಟೆ ಕೊಡುವವರು ಬೇರೆ ಎಲ್ಲಿಂದಲೋ ವಸೂಲು ಮಾಡುತ್ತಾರೆ. ಗೋಡೆಯ ಮೇಲಿನ ಪದವಿ ಪತ್ರವನ್ನು ಹತ್ತಿರ ಹೋಗಿ ಓದಿದೆ. ಸೀಲು ಸರಿಯಿತ್ತು.

ಅವಳು ನಿಧಾನವಾಗಿ ವಿವರಿಸಿದಳು. ಸೈನ್ಯದಲ್ಲಿದ್ದಾಗ ಆದ ಆಘಾತದಿಂದ ಕೆಲಸಕ್ಕೆ, ಬದುಕಿಗೆ ತೊಂದರೆಯಾದರೆ ಮಾಜಿ ಸೈನಿಕರ ಇಲಾಖೆ ಪಿಂಚಣಿಯಂಥದ್ದನ್ನು ಕೊಡಬೇಕು, ಚಿಕಿತ್ಸೆಯನ್ನೂ ಕೊಡಬೇಕು. ಅನು ಅರ್ಜಿ ಹಾಕಿದ್ದಳು. ಆಗ ದೂರು ಕೊಟ್ಟ ದಾಖಲೆ ಇಲ್ಲ ಎಂದು ತಳ್ಳಿಹಾಕಿದ್ದರು. ಈಗ ಮೇಲ್ಮನವಿ.

"ಇಂಥ ಪ್ರಕರಣಗಳಲ್ಲಿ ದೂರು ಇರೋದು ಅಪರೂಪ ಅಂತ ಕಾನೂನಿಗೂ ಗೊತ್ತು" ಎಂದಳು ಮಾರ್ಗರೆಟ್. "ಅದಕ್ಕೇ ಬೇರೆ ಗುರುತುಗಳನ್ನ ನೋಡ್ತಾರೆ. ಆ ಘಟನೆ ಆದ ಮೇಲೆ ಮನುಷ್ಯರು ಬದಲಾಗಿದ್ದನ್ನ ಯಾರಾದರೂ ಕಣ್ಣಾರೆ ಕಂಡಿದ್ರಾ? ಅನು ರಜೆ ಹಾಕಿ ಬಂದಿದ್ದು ನಿಮ್ಮ ಮನೆಗೆ."

ಬಂದಿದ್ದಳು. ನನ್ನನ್ನು ಯಾಕೆ ಕರೆಸಿದ್ದಾಳೆ ಎನ್ನುವುದು ಆಗ ಗೊತ್ತಾಯಿತು.

"ನಾನು ಏನು ಹೇಳಬೇಕು?" ಎಂದೆ.

ಅವಳು ಕ್ಯಾರೆಟ್ ಕೆಳಗಿಟ್ಟಳು. "ಅದನ್ನ ನಾನು ಹೇಳಿಕೊಡಬಾರದು. ಹೇಳಿಕೊಟ್ಟರೆ ಅದು ನಿಮ್ಮ ಸಾಕ್ಷಿ ಆಗಲ್ಲ. ನೀವು ಕಂಡಿದ್ದು ಏನು, ಅಷ್ಟೇ."

ಇವಳಿಗೆ ಕೆಲಸವೇ ಬರುವುದಿಲ್ಲ ಎಂದುಕೊಂಡು ಹೊರಗೆ ಬಂದೆ.

ಕಮ್ಮನಹಳ್ಳಿಯವರ ಜೊತೆ ಊಟ

ಆ ವಾರ ಕನ್ನಡದವರ ಯುಗಾದಿ ಊಟವಿತ್ತು. ಅನು ನನ್ನನ್ನು ಬಿಟ್ಟು, ಒಳಗೆ ಬರದೆ, ಪಾರ್ಕಿಂಗ್‌ನಲ್ಲೇ ಕಾರಿನೊಳಗೆ ಕೂತಳು. ಜನ ಜಾಸ್ತಿ ಅಂದಳು.

ಎಲೆಯ ಮುಂದೆ ನನ್ನ ಪಕ್ಕ ಸಿಕ್ಕವನು ನಾಗೇಂದ್ರ. ಕಮ್ಮನಹಳ್ಳಿಯಲ್ಲಿ ಬೆಳೆದವನು. ಅಲ್ಲಿನ ಮುಖ್ಯರಸ್ತೆಯ ಹೋಟೆಲುಗಳನ್ನು ಸಾಲಾಗಿ ಹೇಳಿ, ಯಾವುದು ಮುಚ್ಚಿತು, ಯಾವುದರ ದೋಸೆ ಕೆಟ್ಟಿತು ಎಂದು ಕೇಳಿದ. "ಅಕ್ಕ, ಹೋಳಿಗೆ ಇನ್ನೊಂದ್ ಹಾಕಿಸ್ಕೊಳ್ಳಿ" ಎಂದು ತುಪ್ಪ ಸುರಿಸಿದ. ಊರು ಬಿಟ್ಟ ಮೇಲೆ ಮೊದಲ ಸಲ ನನ್ನ ಮೈ ಸಡಿಲಾಯಿತು. ನಮ್ಮವನು ಅನ್ನಿಸಿತು. ಏನು ಕೆಲಸ ಎಂದು ಕೇಳಿದೆ. ಮಾಜಿ ಸೈನಿಕರಿಗೆ ಪರಿಹಾರ ಕೊಡಿಸುವ ಏಜೆನ್ಸಿಯಂತೆ. ಬಂದದ್ದರಲ್ಲಿ ಪಾಲು.

ನನಗೆ ಗೊತ್ತಿರುವವರದ್ದು ಎಂದು ಹೆಸರು ಹೇಳದೆ ವಿಚಾರ ತೆಗೆದೆ. ಮನೆಯವರು ಸಾಕ್ಷಿ ಹೇಳಬೇಕಾದರೆ ಹೇಗಪ್ಪಾ?

"ಅದೇನ್ ದೊಡ್ಡ ವಿಷ್ಯ ಅಕ್ಕ? ಎಲ್ಲಾ ರೆಡಿ ಇರತ್ತೆ ನಮ್ಮತ್ರ. ರಾತ್ರಿ ಕಿರುಚ್ತಿದ್ಲು, ಊಟ ಬಿಟ್ಲು, ಸಾಯ್ತೀನಿ ಅಂತಿದ್ಲು. ಹೆಸ್ರು ಹಾಕಿ ಸೈನ್ ಮಾಡಿದ್ರೆ ಮುಗೀತು. ಸ್ವಲ್ಪ ಮಸಾಲೆ ಹಾಕ್ದಿದ್ರೆ ಯಾರ್ ಕೊಡ್ತಾರೆ ಹೇಳಿ?"

ನನ್ನ ಬಾಯಲ್ಲಿದ್ದ ಹೋಳಿಗೆ ಅಲ್ಲೇ ನಿಂತಿತು. ಕಚೇರಿಯಲ್ಲಿ ಇಂಥ ಹೇಳಿಕೆಗಳನ್ನು ನಾನು ವಾಸನೆಯಿಂದಲೇ ಹಿಡಿಯುತ್ತಿದ್ದೆ. ಮಾಲೂರಿನ ವಿಧವೆಯೂ ಮಹದೇವಪುರದ ವಿಧವೆಯೂ ಅಕ್ಷರ ಬಿಡದೆ ಒಂದೇ ಥರ ಅತ್ತಿರುತ್ತಿದ್ದರು.

"ಲೈಸೆನ್ಸ್ ಇದ್ಯೇನಪ್ಪಾ ನಿಂಗೆ? ಇಲಾಖೆಯವ್ರು ಕೊಟ್ಟಿದ್ದು?"

"ನಾವೇನ್ ಡ್ರೈವಿಂಗಾ ಮಾಡ್ತಿರೋದು ಅಕ್ಕ?" ಎಂದು ನಕ್ಕು ಕಾರ್ಡು ಕೊಟ್ಟ.

ಕಾರಿನಲ್ಲಿ ಕೂತು ಕಾರ್ಡು ತೋರಿಸಿದ್ದೇ ಅನುವಿನ ಮುಖ ಗಟ್ಟಿಯಾಯಿತು. "ಇಂಥೋನೇ ಇನ್ನೊಬ್ಬ ಮೊದಲನೇ ಸಲ ನನ್ ಅರ್ಜಿ ಹಾಕಿದ್ದು. ನಾನ್ ಹೇಳ್ದೇ ಇರೋದನ್ನೆಲ್ಲ ಬರ್ದಿದ್ದ. ರಜೇಲಿ ಇಂಡಿಯಾದಲ್ಲಿದ್ದಾಗ ದಿನಾ ರಾತ್ರಿ ಕಿರುಚ್ತಿದ್ದೆ ಅಂತ. ನನ್ಗೆ ಓದೋಕೂ ಆಗ್ತಿರ್ಲಿಲ್ಲ ಆಗ. ಸೈನ್ ಮಾಡ್ಬಿಟ್ಟೆ."

ನಮ್ಮ ಮನೆಯಲ್ಲಿ ಇವಳು ಒಂದು ರಾತ್ರಿಯೂ ಕಿರುಚಿರಲಿಲ್ಲ. ಅರ್ಜಿಯಲ್ಲಿ ಒಂದು ಸುಳ್ಳು ಸಿಕ್ಕರೆ ಇಡೀ ಫೈಲನ್ನು ನಾವು ಬೇರೆ ಕಣ್ಣಿನಿಂದ ನೋಡುತ್ತಿದ್ದೆವು. ಸತ್ಯವೂ ಆಗ ಸುಳ್ಳಿನ ಬಣ್ಣ ಪಡೆಯುತ್ತದೆ. ಮುಚ್ಚಿಡುವುದೇಕೆ, ಒಂದು ಗಳಿಗೆ ಅನುವಿನ ಕಡೆಗೂ ನಾನು ಅದೇ ಕಣ್ಣು ತಿರುಗಿಸಿದೆ. ಅವಳು ಎರಡೂ ಕೈಯಲ್ಲಿ ಸ್ಟೀರಿಂಗ್ ಹಿಡಿದು, ಕನ್ನಡಿಯಲ್ಲಿ ಹಿಂದಿನ ಕಾರನ್ನೇ ನೋಡುತ್ತಿದ್ದಳು.

ಕೊಳದ ಹತ್ತಿರ

ಮನೆ ಹತ್ತಿರ ಒಂದು ಉದ್ಯಾನ, ನಡುವೆ ಕೊಳ. ಬೆಳಿಗ್ಗೆ ಅಲ್ಲಿ ಸುತ್ತು ಹಾಕುತ್ತಿದ್ದೆ. ಕೊಳದ ಬಾತುಗಳು ನಮ್ಮ ಬೀದಿನಾಯಿಗಳಿಗಿಂತ ಜೋರು. ಒಂದು ದಿನ ಒಂದು ಬಾತು ನನ್ನ ಸೀರೆಯ ಅಂಚು ಹಿಡಿದು ಎಳೆದಾಡಿತು. ಓಡಾಡುತ್ತಿದ್ದವರು ನಿಂತು ನೋಡಿ, ಶುಭದಿನ ಹೇಳಿ, ಮುಂದೆ ಹೋದರು. ಬಿಡಿಸಲು ಯಾರೂ ಬರಲಿಲ್ಲ. ಹಲಸೂರಿನಲ್ಲಾಗಿದ್ದರೆ ನಾಲ್ಕು ಜನ ಬಂದು, ಬಾತನ್ನು ಓಡಿಸಿ, ನನಗೂ ಬುದ್ಧಿ ಹೇಳಿ ಕಳಿಸುತ್ತಿದ್ದರು.

ಆ ಕೊಳದ ಕಲ್ಲಿನ ಮೇಲೆ ಕೂತು, ಎದುರಿಗೆ ಬಂದ ಸಾಕ್ಷಿಯನ್ನು ಪ್ರಶ್ನಿಸುವ ಹಾಗೆ ನನ್ನನ್ನೇ ಪ್ರಶ್ನಿಸಿಕೊಂಡೆ. ನೀನು ನಿಜವಾಗಿ ಏನು ಕಂಡೆ? ಆಮೇಲೆ ಗೊತ್ತಾದದ್ದನ್ನು ಹಿಂದಕ್ಕೆ ಸೇರಿಸುತ್ತಿದ್ದೀಯಾ?

ಸೈನ್ಯ ಸೇರಿದ ಹೊಸದರಲ್ಲಿ ಅನು ನಮ್ಮ ಮನೆಗೆ ಬಂದಿದ್ದಳು. ಬೆಳಿಗ್ಗೆ ನನ್ನನ್ನು ಎಬ್ಬಿಸಿಕೊಂಡು ಹಲಸೂರು ಕೆರೆಗೆ ವಾಕಿಂಗ್ ಬರುತ್ತಿದ್ದಳು. ಅಲ್ಲಿ ರಸ್ತೆಯ ಮೇಲೆ ಮಿಲಿಟರಿ ಜವಾನರು ಸಾಲಾಗಿ ಬೂಟು ಬಡಿಯುತ್ತಾ ಓಡುತ್ತಾರಲ್ಲ, ಇವಳು ಫುಟ್‌ಪಾತಿನ ಮೇಲೆ ಅವರ ಸಮಕ್ಕೆ ಓಡುತ್ತಿದ್ದಳು. ಎಳನೀರಿನವನು ಚಪ್ಪಾಳೆ ತಟ್ಟುತ್ತಿದ್ದ. ಅವರಲ್ಲೊಬ್ಬ ಸಲ್ಯೂಟ್ ಹೊಡೆದರೆ ಇವಳೂ ಹೊಡೆದು ಹಲ್ಲು ಕಿರಿಯುತ್ತಿದ್ದಳು.

ಎರಡು ವರ್ಷದ ಮೇಲೆ ಮತ್ತೆ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು. ಯಜಮಾನರ ಹಳೆಯ ಶರ್ಟುಗಳನ್ನು ಕೇಳಿ ಹಾಕಿಕೊಳ್ಳುತ್ತಿದ್ದಳು. ಮಲಗುವಾಗ ಕಬ್ಬಿಣದ ಟ್ರಂಕನ್ನು ಬಾಗಿಲಿಗೆ ಅಡ್ಡ ಎಳೆಯುತ್ತಿದ್ದಳು; ನೆಲದ ಮೇಲೆ ಬಿದ್ದ ಗೀರು ಇನ್ನೂ ಇದೆ. ಶಿವಾಜಿನಗರದ ಬಸ್ ನಿಲ್ದಾಣದಲ್ಲಿ ಗೋಡೆಗೆ ಬೆನ್ನು ಒತ್ತಿ ನಿಂತವಳು, ಬಸ್ಸು ಬಂದರೂ ಹತ್ತಲಿಲ್ಲ. ಒಂದು ಬೆಳಿಗ್ಗೆ ಒತ್ತಾಯ ಮಾಡಿ ಕೆರೆಗೆ ಕರೆದುಕೊಂಡು ಹೋದೆ. ಹಿಂದಿನಿಂದ ಅದೇ ಬೂಟಿನ ಸದ್ದು ಬಂತು. ಅನು ಕೆರೆಯಂಚಿನ ಕಂಬಿ ಹಿಡಿದುಕೊಂಡಳು, ಹಾಗೇ ಕುಸಿದು ಫುಟ್‌ಪಾತಿನ ಮೇಲೆ ಕೂತಳು. ಮುಖ ಸುಣ್ಣವಾಗಿತ್ತು. ಜವಾನರು ಪಾಪ ಯಾರನ್ನೂ ನೋಡದೆ ಓಡಿಹೋದರು. ಎಳನೀರಿನವನು ಒಂದು ಕಾಯಿ ಕೆತ್ತಿಕೊಟ್ಟ. ಅದನ್ನು ಹಿಡಿಯಲು ಅವಳಿಗೆ ಆಗಲಿಲ್ಲ.

ಇಷ್ಟನ್ನು ನಾನು ಕಂಡಿದ್ದೆ. ಇದಕ್ಕಿಂತ ಹೆಚ್ಚು ಕಂಡಿರಲಿಲ್ಲ.

ವಿಚಾರಣೆಯ ದಿನ

ನ್ಯಾಯಾಲಯ ಎಂದರೆ ಕಟಕಟೆ, ಕರಿಕೋಟು ಎಂದುಕೊಂಡಿದ್ದೆ. ಇಲ್ಲಿ ಮಾರ್ಗರೆಟ್‌ಳ ಮೇಜಿನ ಮೇಲೊಂದು ಪರದೆ. ದೂರದ ರಾಜಧಾನಿಯಿಂದ ನ್ಯಾಯಾಧೀಶರು ಅದರಲ್ಲಿ ಕಾಣುತ್ತಾರೆ. ಅನು ಮಾತಾಡುವಾಗ ನಾನು ಒಳಗಿರಬಾರದು ಎಂದು ಮಾರ್ಗರೆಟ್ ಹೊರಗೆ ಕೂರಿಸಿದಳು. ಅನುವಿನ ಮಾತು ನನ್ನ ಮಾತಿಗೆ ಅಂಟಿಕೊಳ್ಳಬಾರದಂತೆ. ನನ್ನ ಅನುಮಾನದ ಒಂದು ಎಳೆ ಅಲ್ಲಿ ಸಡಿಲಾಯಿತು. ಯಂತ್ರದ ಗಾಜಿನೊಳಗೆ ಯಾರದೋ ಬೆಡ್‌ಶೀಟು ಸುತ್ತುವುದನ್ನು ನೋಡುತ್ತಾ ಕೂತೆ. ಒಳಗಿನಿಂದ ಒಂದು ಶಬ್ದವೂ ಕೇಳಲಿಲ್ಲ.

ನನ್ನನ್ನು ಕರೆದರು. ಅನು ಗೋಡೆಗೆ ಬೆನ್ನು ಮಾಡಿ ಕೂತಿದ್ದಳು, ಕಣ್ಣು ಕೆಂಪಾಗಿತ್ತು. ಪರದೆಯಲ್ಲಿ ನರೆಗೂದಲ ಮನುಷ್ಯ, ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಪದೇಪದೇ ತಲೆ ತಗ್ಗಿಸುತ್ತಿದ್ದ. ಬೇರೆ ಏನೋ ಓದುತ್ತಿದ್ದಾನೆ ಎಂದು ನನಗೆ ಅನುಮಾನ. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿಸಿದರು. ನಮ್ಮ ಕಚೇರಿಯ ಇಂಗ್ಲಿಷಿನಲ್ಲಿ ನಾನು ಶುರು ಮಾಡಿದೆ: ಕೆರೆ, ಓಟ, ಟ್ರಂಕು, ಬಸ್ ನಿಲ್ದಾಣ. ಬೂಟಿನ ಸದ್ದಿಗೆ ಬಂದಾಗ ಮಾತು ಸಿಗದೆ ನಿಂತುಬಿಟ್ಟೆ.

"ನಮ್ಮ ಭಾಷೆಯಲ್ಲಿ ಅದಕ್ಕೆ ಬೆಚ್ಚಿಬೀಳೋದು ಅಂತೀವಿ" ಎಂದೆ. "ಇಂಗ್ಲಿಷಿನಲ್ಲಿ ಅದೇನೋ ನನಗೆ ಗೊತ್ತಿಲ್ಲ."

ನ್ಯಾಯಾಧೀಶರು ತಲೆಯೆತ್ತಿದರು. "ಅದರ ಅರ್ಥ ಯಾರಾದರೂ ಹೇಳಬಹುದೇ?"

ಮಾರ್ಗರೆಟ್‌ಗೆ ಹೇಗೆ ಗೊತ್ತಿರಬೇಕು? ಕೋಣೆಯಲ್ಲಿ ಕನ್ನಡ ಬಲ್ಲವಳು ಇನ್ನೊಬ್ಬಳೇ. ಅನು ಗಂಟಲು ಸರಿಮಾಡಿಕೊಂಡಳು.

"ನಮಗಿಂತ ಮುಂಚೆ ನಮ್ಮ ಮೈಗೆ ಭಯ ಆಗೋದು" ಎಂದಳು ಇಂಗ್ಲಿಷಿನಲ್ಲಿ.

ಅವರು ಅದನ್ನು ಬರೆದುಕೊಂಡರು. ಆಮೇಲೆ ನಾನು ಹೆದರುತ್ತಿದ್ದ ಪ್ರಶ್ನೆ ಬಂತು. "ಮೊದಲ ಅರ್ಜಿಯಲ್ಲಿ, ನಿಮ್ಮ ಮನೆಯಲ್ಲಿದ್ದಾಗ ಇವರು ಪ್ರತಿ ರಾತ್ರಿ ಕಿರುಚುತ್ತಿದ್ದರು ಎಂದಿದೆ. ನೀವು ಕೇಳಿಸಿಕೊಂಡಿದ್ದೀರಾ?"

ಹೌದು ಅಂದರೆ ಅರ್ಜಿಗೂ ನನ್ನ ಮಾತಿಗೂ ತಾಳೆಯಾಗುತ್ತಿತ್ತು. ಯಾರೂ ಬೆಂಗಳೂರಿಗೆ ಬಂದು ಪರೀಕ್ಷಿಸುತ್ತಿರಲಿಲ್ಲ. ಮಾರ್ಗರೆಟ್ ಕಡೆ ನೋಡಿದೆ. ಕಣ್ಣಲ್ಲಿ ಏನಾದರೂ ಸನ್ನೆ ಮಾಡುತ್ತಾಳಾ ಎಂದು ಕಾದೆ. ಅವಳು ಮೇಜು ನೋಡುತ್ತಾ ಕೂತಿದ್ದಳು, ಮಾಡಲಿಲ್ಲ.

"ಇಲ್ಲ ಸಾರ್" ಎಂದೆ. "ಒಂದು ದಿನವೂ ಕಿರುಚಲಿಲ್ಲ."

ಅನು ಕಣ್ಣು ಮುಚ್ಚಿಕೊಂಡಳು.

"ಕಿರುಚಿದ್ದರೆ ನಾನು ಎದ್ದು ಹೋಗಿ ಏನಾಯಿತು ಅಂತ ಕೇಳುತ್ತಿದ್ದೆ. ಇವಳು ಸದ್ದೇ ಮಾಡಲಿಲ್ಲ. ಮನೆ ತುಂಬ ಹಾಡಿಕೊಂಡು ಓಡಾಡುತ್ತಿದ್ದ ಹುಡುಗಿ, ಆ ಸಲ ನೀರಿನ ಲೋಟವನ್ನೂ ಸದ್ದಾಗದ ಹಾಗೆ ಇಡುತ್ತಿದ್ದಳು. ಒಂದೇ ಮನೆಯಲ್ಲಿದ್ದರೂ ಇವಳು ಎಲ್ಲಿದ್ದಾಳೆ ಅಂತ ನಾನು ಹುಡುಕಬೇಕಾಗುತ್ತಿತ್ತು."

ಗೋಡೆಯಾಚೆ ಯಾವುದೋ ಯಂತ್ರದಲ್ಲಿ ಶೂ ಒಂದು ದಡದಡ ಬಡಿದುಕೊಳ್ಳುತ್ತಿತ್ತು. ನ್ಯಾಯಾಧೀಶರು ಕನ್ನಡಕ ತೆಗೆದರು, ಬೇರೇನೂ ಕೇಳದೆ ವಂದನೆ ಹೇಳಿದರು. ಪರದೆ ಕಪ್ಪಾಯಿತು.

"ಹಾಳ್ ಮಾಡ್ಬಿಟ್ನೇನೇ?" ಎಂದು ಹೊರಗೆ ಬಂದು ಅನುವನ್ನು ಕೇಳಿದೆ.

"ಗೊತ್ತಿಲ್ಲ ದೊಡ್ಡಮ್ಮ" ಎಂದಳು. "ಆದ್ರೆ ಲೋಟದ ವಿಷ್ಯ ನಂಗೇ ನೆನಪಿರ್ಲಿಲ್ಲ." ಮನೆಗೆ ಬಂದು ಸೋಫಾದ ಮೇಲೆ ಬಿದ್ದವಳು, ಬಟ್ಟೆ ಕೂಡ ಬದಲಾಯಿಸದೆ, ಸಂಜೆಯ ತನಕ ನಿದ್ದೆ ಮಾಡಿದಳು.

ಮತ್ತೆ ಕಾಲೊನಿಯಲ್ಲಿ

ಬಂದ ಮೇಲೆ ಎಲ್ಲರೂ ಕೇಳಿದ್ದು, ಜಲಪಾತ ನೋಡಿದ್ರಾ, ಎತ್ತರದ ಕಟ್ಟಡ ಹತ್ತಿದ್ರಾ ಎಂದು. ಬಾತು ಸೀರೆ ಎಳೆದದ್ದನ್ನು ಹೇಳಿ ನಗಿಸುತ್ತಿದ್ದೆ. ಮಿಕ್ಕಿದ್ದನ್ನು ಯಜಮಾನರಿಗೆ ಮಾತ್ರ ಹೇಳಿದೆ. ಈಗ ಬರೆಯುತ್ತಿರುವುದು ಅನು ಹೂಂ ಎಂದ ಮೇಲೆ.

ತೀರ್ಪಿಗೆ ತಿಂಗಳುಗಟ್ಟಲೆ ಕಾದೆವು. ನಾನು ಎಲ್ಲವನ್ನೂ ಅನುಮಾನಿಸಿದೆ. ಆ ನ್ಯಾಯಾಧೀಶರು ಫೈಲು ಓದಿಯೇ ಇಲ್ಲವೆಂದು, ಮಾರ್ಗರೆಟ್ ಮರೆತಳೆಂದು, ನನ್ನ ಒಂದು "ಇಲ್ಲ" ಕೇಸು ಕೆಡಿಸಲು ಸಾಕಾಯಿತೆಂದು. ಒಂದು ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಅನು ಫೋನ್ ಮಾಡಿದಳು. ಅವಳಿದ್ದಲ್ಲಿ ಆಗ ಸಂಜೆ.

"ಬಂತು ದೊಡ್ಡಮ್ಮ. ಒಪ್ಕೊಂಡಿದಾರೆ. ಎಷ್ಟು ಅಂತ ಆಮೇಲೆ ಬೇರೆಯವ್ರು ತೀರ್ಮಾನ ಮಾಡ್ತಾರಂತೆ. ಟ್ರೀಟ್ಮೆಂಟ್ ಈಗ್ಲೇ ಶುರು."

"ಏನ್ ಬರ್ದಿದಾರೆ? ಸರಿಯಾಗ್ ಓದು. ಪೂರ್ತಿ ಓದು."

ಅವಳು ಇಂಗ್ಲಿಷಿನಲ್ಲಿ ಓದಿದಳು. ಸಾಕ್ಷಿಯು ಅರ್ಜಿದಾರರಿಗೆ ಅನುಕೂಲವಾಗುವ ಉತ್ತರ ಹೇಳಬಹುದಾಗಿದ್ದರೂ ಹೇಳದೆ, ಕಂಡದ್ದನ್ನು ಮಾತ್ರ ಹೇಳಿದರು. ಮೊದಲ ಅರ್ಜಿಯಲ್ಲಿ ಸೇರಿದ ಮಾತುಗಳು ಅರ್ಜಿದಾರರವಲ್ಲ ಎಂದು ಮನವರಿಕೆಯಾಗಿದೆ. ಅರ್ಜಿದಾರರು ಹೇಳುತ್ತಿರುವುದು ನಡೆದಿದೆ. ನಾವು ಅವರನ್ನು ನಂಬುತ್ತೇವೆ.

ಹಾಲು ಉಕ್ಕಿ ಒಲೆಯ ಮೇಲೆಲ್ಲ ಹರಿಯಿತು. ಯಜಮಾನರು ಓಡಿಬಂದು ಗ್ಯಾಸ್ ಆರಿಸಿದರು. ಆ ಕಡೆ ಅನು ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ. ಸದ್ದಂತೂ ಜೋರಾಗಿಯೇ ಬರುತ್ತಿತ್ತು.

"ದೊಡ್ಡಮ್ಮ, ಕೊನೇ ಲೈನ್ ಇನ್ನೊಂದ್ಸಲ ಓದ್ಲಾ?"

"ಓದು" ಅಂದೆ.

ಓದಿದಳು.